ಊರಿನ ಮುಚ್ಚಳ

ಬಸ್ಸು ಅರ್ಧ ಬೆಟ್ಟ ಹತ್ತುವಷ್ಟರಲ್ಲಿ ಅತ್ತೆಯ ಕೆಮ್ಮು ನಿಂತೇ ಹೋಯಿತು. ಪಕ್ಕದಲ್ಲಿ ಕೂತಿದ್ದ ಬೇಕರಿಯವನಿಗೆ ಅದು ಕೇಳಿಸಿತು, ಅಂದರೆ ಕೆಮ್ಮು ಕೇಳಿಸದೆ ಇದ್ದದ್ದು ಕೇಳಿಸಿತು. ಆದರೂ ಏನೂ ಗೊತ್ತಾಗದವನ ಹಾಗೆ ಕಿಟಕಿಯಾಚೆ ನೋಡುತ್ತ ಕೂತ.

ಜಗಳ ಶುರುವಾದದ್ದು ಹಿಂದಿನ ದಿನ. "ಅಳಿಯಂದಿರೇ, ನಿಮ್ಮ ಒಲೆ ಹೊಗೆ ಕುಡಿದೂ ಕುಡಿದೂ ನನಗೆ ಸಾಕಾಯ್ತು. ನಾಳೆ ಸಂಜೆ ರೈಲಿಗೆ ಮಗನ ಊರಿಗೆ ಹೊರಡ್ತೀನಿ" ಎಂದು ಅತ್ತೆ ಪೆಟ್ಟಿಗೆ ಕಟ್ಟಿದ್ದಳು. ಎಂಟು ತಿಂಗಳ ಬಸುರಿ ಹೆಂಡತಿ, "ಅಮ್ಮ ಇಲ್ಲದೆ ನಾನು ಹೆರಲ್ಲ, ನಾನೂ ಹೊರಟೆ" ಎಂದು ಅಳುತ್ತ ಕೂತಳು. ಅವನಿಗೆ ರೇಗಿಹೋಯಿತು. ಇಡೀ ಬೀದಿಯಲ್ಲಿ ಹೊಗೆಯ ಬಗ್ಗೆ ತಲೆ ಕೆಡಿಸಿಕೊಂಡವನು ತಾನೊಬ್ಬನೇ ಎಂಬುದು ಅವನ ಹೆಮ್ಮೆ. ಮಳೆಗಾಲ ಮುಗಿಯುತ್ತಲೇ ಬೇಕರಿಯ ಚಿಮಣಿಯನ್ನು ಎರಡಾಳು ಎತ್ತರ ಏರಿಸಿರಲಿಲ್ಲವೇ? "ಹೊಗೆ ಯಾರದ್ದು ಅಂತ ಬೆಟ್ಟದ ಮೇಲಿಂದ ನೀವೇ ಕಣ್ಣಾರೆ ನೋಡಿಬಿಡಿ ಅತ್ತೆ. ನದಿಯಾಚೆ ಕಾರ್ಖಾನೆಗಳದ್ದಲ್ಲ ಅಂತಾದ್ರೆ ನನ್ನ ಕಿವಿ ಹಿಂಡಿ" ಎಂದು ಸವಾಲು ಹಾಕಿದ್ದ. ಬೆಳಿಗ್ಗೆ ಒಲೆಯನ್ನು ಕೆಲಸದವನಿಗೆ ಒಪ್ಪಿಸಿ, ಅತ್ತೆಯನ್ನು ಮೊದಲ ಬಸ್ಸಿಗೇ ಹತ್ತಿಸಿದ್ದ.

ಬೆಟ್ಟದ ತುದಿಯಲ್ಲಿ ಇಳಿದಾಗ ಇಬ್ಬರಿಗೂ ಆಶ್ಚರ್ಯ. ಕೆಳಗೆ ಹಲ್ಲು ಕಟಕಟ ಎನ್ನುವ ಚಳಿ, ಮೇಲೆ ಎಳೆಬಿಸಿಲು, ಹಿತವಾದ ಬೆಚ್ಚನೆ ಗಾಳಿ. ಅತ್ತೆ ಶಾಲು ತೆಗೆದು ಮಡಚಿ ಕಂಕುಳಲ್ಲಿಟ್ಟುಕೊಂಡಳು. "ಅಯ್ಯೋ, ಇದೇನ್ರೀ ಇದು! ಮೇಲಕ್ಕೆ ಬಂದ ಹಾಗೆ ಚಳಿ ಜಾಸ್ತಿ ಆಗಬೇಕಲ್ವಾ?"

ಅವನ ಕಣ್ಣು ಊರಿನ ಮೇಲಿತ್ತು. ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ತಗ್ಗು, ತಗ್ಗಿನ ತುಂಬ ಊರು. ಊರಿನ ಮೇಲೆ ಯಾರೋ ಕೊಳೆಯಾದ ಹಾಸಿಗೆ ಹೊದಿಕೆಯನ್ನು ಬಿಗಿಯಾಗಿ ಎಳೆದು ಕಟ್ಟಿದ ಹಾಗೆ ಬೂದು ಪದರ.

"ಅನ್ನದ ಪಾತ್ರೆಗೆ ತಟ್ಟೆ ಮುಚ್ಚಿದ ಹಾಗಿದೆ" ಎಂದಳು ಅತ್ತೆ.

"ಹೂಂ. ತಣ್ಣನೆ ಗಾಳಿ ಅಡಿಯಲ್ಲಿ ಸಿಕ್ಕಿಹಾಕ್ಕೊಂಡಿದೆ, ಬೆಚ್ಚಗಿರೋದು ಮೇಲೆ ಕೂತಿದೆ. ಬೇಸಿಗೇಲಾದ್ರೆ ಆ ಕಣಿವೆ ಕಡೆಯಿಂದ ಗಾಳಿ ನುಗ್ಗಿ ಎಲ್ಲಾ ಗುಡಿಸ್ಕೊಂಡು ಹೋಗುತ್ತೆ. ಈಗ ಗಾಳಿ ಎಲ್ಲಿದೆ? ಅಗೋ ನೋಡಿ, ಕಾರ್ಖಾನೆ ಹೊಗೆ!"

ಕಾರ್ಖಾನೆಗಳ ಹೊಗೆ ಇತ್ತು, ಇಲ್ಲವೆಂದಲ್ಲ. ಆದರೆ ಅದು ನದಿಯಾಚೆಯೇ ಬಿದ್ದುಕೊಂಡಿತ್ತು. ಅತ್ತೆ ನೋಡುತ್ತಿದ್ದದ್ದು ಅದನ್ನಲ್ಲ. ಅವಳು ಬೆರಳು ತೋರಿಸಿದ ಕಡೆ, ಪದರ ತೆಳುವಾದಲ್ಲಿ, ಹೊಚ್ಚ ಹೊಸ ತಗಡಿನ ಚಿಮಣಿಯೊಂದು ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು. ಅದರ ಹೊಗೆ ಒಂದಷ್ಟು ಮೇಲೆದ್ದು, ತಲೆಗೆ ಸೂರು ಬಡಿದಂತೆ ನಿಂತು, ಮಟ್ಟಸವಾಗಿ ಅಡ್ಡಕ್ಕೆ ಹರಿದು, ಹಿಂದಿನ ಇಳಿಜಾರಿನಲ್ಲಿದ್ದ ಒಂದು ಮನೆಯ ಮಹಡಿ ಕಿಟಕಿಗೆ ನೇರವಾಗಿ ಹೋಗುತ್ತಿತ್ತು. ಕಿಟಕಿಗೆ ಹಸಿರು ಬಣ್ಣ. ಹೋದ ವರ್ಷ ಅವನೇ ಬಳಿದದ್ದು. ಒಳಗೆ ಅತ್ತೆಯ ಮಂಚ.

ಹಳೆಯ ಮೋಟು ಚಿಮಣಿಯ ಹೊಗೆ ಕಿಟಕಿಯ ಕೆಳಗೇ ಉಳಿಯುತ್ತಿತ್ತು. ಕೈಯಾರೆ ದುಡ್ಡು ಸುರಿದು ಅದನ್ನು ಅತ್ತೆಯ ದಿಂಬಿನ ಮಟ್ಟಕ್ಕೆ ಏರಿಸಿದವನು ತಾನು! ಬೇಕರಿಯವನ ಕೈ ತನಗೇ ಗೊತ್ತಿಲ್ಲದೆ ಕಿವಿಗೆ ಹೋಯಿತು.

"ಬಿಡಿ, ನಾನೇನೂ ಹಿಂಡಲ್ಲ" ಎಂದು ಅತ್ತೆ ನಕ್ಕಳು. "ವಿಳಾಸ ಬರೆದು ಕಳಿಸಿದ್ರೂ ಇಷ್ಟು ಸರಿಯಾಗಿ ಬಂದು ಮುಟ್ತಿರಲಿಲ್ಲ ಬಿಡಿ." ನಗುವಿನ ಜೊತೆ ಕೆಮ್ಮು ಬರಲಿಲ್ಲ. ಅದನ್ನು ಕಂಡು ಅವನಿಗೆ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ಮುಂದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಬಂಡೆಯ ಮೇಲೆ ಕೂತು, ಅವನು ತಂದಿದ್ದ ಬನ್ನನ್ನು ಇಬ್ಬರೂ ಮುರಿದು ತಿಂದರು. ಬಿಸಿಲು ಏರಿತು. ನೋಡನೋಡುತ್ತಿದ್ದಂತೆ ಬೂದು ಪದರ ಅಲ್ಲಲ್ಲಿ ಹರಿಯಿತು, ಕಣಿವೆಯಿಂದ ಸಣ್ಣಗೆ ಗಾಳಿ ಎದ್ದಿತು. ಅವನ ಚಿಮಣಿಯ ಹೊಗೆ ಮೈಮುರಿದು ಎದ್ದು ನಿಂತು, ನೆಟ್ಟಗೆ ಆಕಾಶದ ದಾರಿ ಹಿಡಿಯಿತು.

"ಅತ್ತೆ, ನಾಳೆಯಿಂದ ಮುಚ್ಚಳ ತೆಗೆದ ಮೇಲೇ ನನ್ನ ಒಲೆಗೆ ಬೆಂಕಿ."

"ಬೆಳಗಾಗೆದ್ದು ಬಿಸಿ ಬ್ರೆಡ್ಡು ಅಂತ ಬಾಗಿಲಿಗೆ ಬಂದು ನಿಲ್ಲೋರು?"

"ಸಂಜೆ ಬಿಸಿಬಿಸಿ ತಿನ್ಲಿ. ಬೆಳಿಗ್ಗೆಗೆ ಅದನ್ನೇ ಇಟ್ಕೊಳ್ಲಿ. ಚಳಿಗಾಲ ಮುಗಿಯೋ ತನಕ ತಾನೇ? ನೀವು ಮಾತ್ರ ಹೋಗಬೇಡಿ. ಅವಳು ನಿಮ್ಮನ್ನೇ ನಂಬ್ಕೊಂಡಿದ್ದಾಳೆ. ನಿಜ ಹೇಳ್ಬೇಕಂದ್ರೆ ನನಗೂ ಭಯ."

ಅತ್ತೆ ತನ್ನ ಪಾಲಿನ ಉಳಿದರ್ಧ ಬನ್ನನ್ನು ಅವನ ಕೈಗಿಟ್ಟಳು.

ಮರುದಿನ ಬೆಳಿಗ್ಗೆ ಹೊಸ ಚಿಮಣಿಯ ತುದಿಯಲ್ಲಿ ಪಾರಿವಾಳವೊಂದು ಕೂತಿತ್ತು. ಬಿಚ್ಚಿದ ಪೆಟ್ಟಿಗೆ ಮಂಚದಡಿ ಸೇರಿತ್ತು. ಹೆಂಡತಿ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ತಲೆ ಬಾಚಿಸಿಕೊಳ್ಳುತ್ತಿದ್ದಳು. ಬೇಕರಿಯವನು ಹಸಿರು ಕಿಟಕಿಯನ್ನು ಅಗಲವಾಗಿ ತೆರೆದು, ಶಭಾಷ್‌ಗಿರಿಗೆ ಕಾಯುತ್ತ ನಿಂತ.

ಅತ್ತೆ ಉಸಿರೆಳೆದಳು. ಚೆನ್ನಾಗಿತ್ತು. ಇನ್ನೊಮ್ಮೆ ಎಳೆದಳು. ಸಣ್ಣದೊಂದು ಕೆಮ್ಮು ಬಂತು. ಮಗಳ ತಲೆಯನ್ನು ಮೆಲ್ಲಗೆ ಸರಿಸಿ, ಕಿಟಕಿಯಿಂದ ಬಗ್ಗಿ ಕೆಳಗೆ ನೋಡಿದಳು. ಪಕ್ಕದ ಬೀದಿಯ ಲಾಂಡ್ರಿಯ ಕೊಳವೆಯಿಂದ ಹೊಗೆ ಮಟ್ಟಸವಾಗಿ ಇತ್ತ ಕಡೆಯೇ ಹೊರಟಿತ್ತು.

"ಅಳಿಯಂದಿರೇ," ಎಂದಳು, ಶಾಲಿಗೆ ಕೈ ಹಾಕುತ್ತ, "ಆ ಲಾಂಡ್ರಿಯವನನ್ನ ಕರೀರಿ. ಬೆಟ್ಟದ ಬಸ್ಸಿಗೆ ಇನ್ನೂ ಹೊತ್ತಿದೆ."