ಅಣ್ಣನ ರೇನ್‌ಕೋಟು

ಆಸ್ಪತ್ರೆಯನ್ನು ತಂಪಾಗಿಡುವ ಚಿಲ್ಲರ್ ಈ ಸಲ ನಿಲ್ಲುವ ಮೊದಲೇ ಮೆಕ್ಯಾನಿಕ್ ಅದರ ಹಿಂಬದಿಯ ಸಂದಿಗೆ ನುಗ್ಗಿ ಕಾದು ನಿಂತ. ದಿನವೂ ಒತ್ತಡ ಮಿತಿಮೀರಿ ನಿಲ್ಲುತ್ತಿತ್ತು. ನಿಂತ ಮೇಲೆ ಬಂದು ಬಿಚ್ಚಿ ನೋಡಿದರೆ ಎಲ್ಲವೂ ಸರಿಯಾಗಿರುತ್ತಿತ್ತು.

“ನಿಮ್ಮಣ್ಣ ಇದನ್ನ ನೋಡ್ಕೋತಿದ್ದಾಗ ಒಂದಿನಾನೂ ಕೈ ಕೊಟ್ಟಿರಲಿಲ್ಲ. ಈಗ್ಯಾವ ದೆವ್ವ ಮೆಟ್ಕೊಂಡಿದ್ಯೋ,” ಎಂದು ಸೂಪರ್‌ವೈಸರ್ ಆಚೆಯಿಂದ ಗೊಣಗಿದರು.

ಬಿಸಿಲೇರಿ ಫ್ಯಾನುಗಳು ಪೂರ್ತಿ ವೇಗ ಹಿಡಿದವು. ಎದುರು ಗೋಡೆಯ ಮೊಳೆಯಲ್ಲಿ, ಯಾರಿಗೂ ತೆಗೆಯಲು ಮನಸ್ಸಾಗದೆ ಉಳಿದಿದ್ದ, ತೀರಿಹೋದ ಅಣ್ಣನ ರೇನ್‌ಕೋಟು ಮೆಲ್ಲನೆ ಎದ್ದಿತು. ತೋಳುಗಳೆರಡನ್ನೂ ಚಾಚಿ, ಚಿಲ್ಲರ್ ಗಾಳಿ ಎಳೆದುಕೊಳ್ಳುವ ಜಾಲರಿಯನ್ನು ತಬ್ಬಿಕೊಂಡಿತು. ಗಾಳಿ ಕಟ್ಟಿತು, ಒತ್ತಡ ಏರಿ ಯಂತ್ರ ನಿಂತಿತು. ಕೋಟು ಏನೂ ಅರಿಯದಂತೆ ಮತ್ತೆ ಗೋಡೆಗೆ ಜೋತುಬಿತ್ತು.

“ಬಿಡಣ್ಣ, ಇನ್ನು ನಾನು ನೋಡ್ಕೋತೀನಿ,” ಎಂದು ಅವನು ಕೋಟಿಗೆ ಕೈಹಾಕಿದ. ಅದು ಈಗಷ್ಟೇ ಮೈಯಿಂದ ಕಳಚಿದಂತೆ ಬೆಚ್ಚಗಿತ್ತು.