ಮಾರಿದ ಗಾಡಿಯ ಕೀಲಿ

ಕುರಿಗಳು ಬೆಟ್ಟದಿಂದ ಇಳಿದು ವಾರವಾಗಿತ್ತು. ಭಾನುವಾರ, ಬೆಳಗಿನ ಎರಡನೇ ಚಹಾದ ಹೊತ್ತು. ಅತ್‌ಬಾಶಿಯ ದನದ ಡಾಕ್ಟರ್ ಓರ್ಮೋನ್ ಅಬಾ ಸಂತೆಯಿಂದ ನಡೆದುಕೊಂಡೇ ಮೇದೆರನ ಅಂಗಳಕ್ಕೆ ಬಂದರು. ಅವರ ಕುದುರೆಗೆ ವಯಸ್ಸಾಗಿತ್ತು, ಇನ್ನು ಏರು ಹತ್ತುವಂತಿರಲಿಲ್ಲ; ಅದರ ಬದಲಿಗೆ ಒಂದು ಗಾಡಿ ಬೇಕಿತ್ತು. ಮೇದೆರನ ಹೆಂಡತಿ ಅನಾರಾ, ಗೋಡೆಗೆ ಒರಗಿಸಿದ್ದ ಮೋಟಾರ್ ಸೈಕಲ್ಲಿನ ಮೇಲಿಂದ ಹಳೆಯ ಕಂಬಳಿ ಎಳೆದಳು. ಮುಂದಿನ ದೀಪ ಒಡೆದು ತಂತಿಗಳು ಕರುಳಿನಂತೆ ಹೊರಗೆ ಜೋತುಬಿದ್ದಿದ್ದವು.

ಮೇದೆರ್ ಮಾಸ್ಕೋದಲ್ಲಿ ಮನೆಮನೆಗೆ ಊಟ ತಲುಪಿಸುವಾಗ ಬಿದ್ದ ಗಾಡಿ ಅದು. ಇನ್ನು ರಿಪೇರಿಗೆ ಲಾಯಕ್ಕಿಲ್ಲ ಎಂದು ವಿಮೆಯವರು ಬರೆದು ಕೈಬಿಟ್ಟಾಗ, ಗುಜರಿ ಬೆಲೆಗೆ ತಾನೇ ಕೊಂಡು, ಈರುಳ್ಳಿ ಲಾರಿಯಲ್ಲಿ ಹೇರಿ ಊರಿಗೆ ತಂದಿದ್ದ. ಗಾಡಿಯ ಜೊತೆಗೆ ಅವನ ಮುರಿದ ಕಾಲೊಳಗೆ ಒಂದು ಕಬ್ಬಿಣದ ಸರಳೂ ಬಂದಿತ್ತು. ಈಗ ಗಾಡಿ ಮಾರಿದರೆ ಆ ಹಣ ಅನಾರಾಳ ಟಿಕೆಟ್ಟಿಗೆ. ಅವಳು ಮಾಸ್ಕೋಗೆ ಹೋಗಿ ಹೊಲಿಗೆ ಕೆಲಸಕ್ಕೆ ಸೇರುತ್ತಾಳೆ. ಮಾರದಿದ್ದರೆ ಮೇದೆರನೇ ಅದನ್ನು ಸರಿಮಾಡಿಕೊಂಡು, ಅದೇ ಕಾಲಿನಲ್ಲಿ, ಅದೇ ಬೀದಿಗಳಿಗೆ ವಾಪಸ್ಸು ಹೋಗುತ್ತಾನೆ. ಒಬ್ಬರು ಹೋಗದೆ ಆ ಮನೆಯ ಚಳಿಗಾಲ ಕಳೆಯುವಂತಿರಲಿಲ್ಲ. ಅದರಲ್ಲಿ ಇಬ್ಬರಿಗೂ ತಕರಾರಿಲ್ಲ. ಯಾರು ಹೋಗುವುದು ಅನ್ನುವುದರಲ್ಲೇ ಜಗಳ.

ಅಬಾ ಮಂಡಿಯೂರಿ ಕೂತು, ಕುದುರೆಯ ಮುಂಗಾಲು ಸವರಿದ ಹಾಗೆ ಗಾಡಿಯ ಮುಂದಿನ ಫೋರ್ಕು ಸವರಿದರು. ಮೇದೆರ್ ಕುಂಟುತ್ತ ಸುತ್ತಲೂ ತಿರುಗುತ್ತಿದ್ದ, ನಿಂತಲ್ಲಿ ನಿಲ್ಲುತ್ತಿರಲಿಲ್ಲ.

"ಸೊಟ್ಟ ಇದೆ ಅಬಾ. ಕೈ ಬಿಟ್ರೆ ಎಡಕ್ಕೆ ಎಳೀತದೆ."

"ಎಡಕ್ಕೆ ಎಳಿಯೋದು ಇವನ ಕಾಲು," ಅಂದಳು ಅನಾರಾ. "ಗಾಡಿ ನೆಟ್ಟಗಿದೆ."

"ಎಂಜಿನ್ನಲ್ಲಿ ಎಣ್ಣೆ ಸೋರ್ತದೆ."

"ಒಂದು ತೊಟ್ಟು! ನಿಮ್ಮ ಕುದುರೆ ಅದಕ್ಕಿಂತ ಜಾಸ್ತಿ ಸೋರ್ತದೆ ಅಬಾ, ನೀವು ಮಾರಿದ್ರಾ?"

ಅಬಾ ಚೈನಿನ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಮುಟ್ಟಿದರು. "ಐವತ್ತು ವರ್ಷದಿಂದ ಸಂತೆ ನೋಡ್ತಿದ್ದೀನಿ. ಮಾರೋನೇ ನಿಂತು ತನ್ನ ಮಾಲು ಬೈಯೋದು ಇವತ್ತೇ ನೋಡಿದ್ದು."

ಮೇದೆರ್ ಒಳಗಿನ ಜೇಬಿನಿಂದ ಮಡಚಿದ ಕಾಗದ ತೆಗೆದು ಅವರ ಮೂಗಿನ ಮುಂದೆ ಹಿಡಿದ. "ನಾನಲ್ಲ ಹೇಳೋದು. ವಿಮೆಯೋರು ಬರೆದುಕೊಟ್ಟಿದಾರೆ, ನೋಡಿ. ಇದು ಸತ್ತ ಗಾಡಿ."

"ಅವರು ಮುಟ್ಟಿ ನೋಡಿದ್ರಾ?"

"ಇಲ್ಲ. ಫೋಟೋ ನೋಡಿ ಬರೆದ್ರು."

"ಹಾಗಾದ್ರೆ ಬಿಡು. ಫೋಟೋ ನೋಡಿ ನಾನು ಈವರೆಗೂ ಒಂದು ಹಸೂನೂ ಸಾಯಿಸಿಲ್ಲ. ನಲವತ್ತು ಸಾವಿರ ಸೋಮ್. ಕೊಡು ಕೈ."

ಮೇದೆರ್ ಕೈ ಹಿಂದೆ ಕಟ್ಟಿಕೊಂಡ. "ಹೆಂಡತೀನ ಕಳಿಸಿ ಒಲೆ ಮುಂದೆ ಕೂತ ಅಂತ ಊರೆಲ್ಲ ನಗೋದು ನನ್ನ ನೋಡಿ, ಅಬಾ. ನಿಮ್ಮನ್ನಲ್ಲ."

"ನಗ್ಲಿ," ಅಂದಳು ಅನಾರಾ. ಅವಳ ದನಿ ಮೊದಲ ಸಲ ಸಣ್ಣಗಾಯಿತು. "ಹೋದ ಸಲ ಫೋನು ಬಂದಾಗ ಅರ್ಧ ಗಂಟೆ ನೀನು ಸತ್ತೇ ಹೋದೆ ಅಂತ ಕೂತಿದ್ದೆ. ಆಗ ಯಾರೂ ನಕ್ಕಿರಲಿಲ್ಲ."

ಮೇದೆರ್ ನಿಂತ. ಗೋಡೆ ನೋಡಿದ, ಗಾಡಿ ನೋಡಿದ. ಆಮೇಲೆ ಕೈ ಕೊಟ್ಟ. ಕೊಟ್ಟ ಕೈಯನ್ನು ಬಿಡಿಸಿಕೊಳ್ಳುವ ಮೊದಲೇ ಅವನಿಗೊಂದು ದಾರಿ ಹೊಳೆಯಿತು. ಇನ್ನೊಂದು ಕೈಯಿಂದ ಗಾಡಿಯ ಕೀಲಿ ಕಿತ್ತು ಜೇಬಿಗಿಳಿಸಿದ.

"ಕುದುರೆ ಮಾರಿದ್ರೆ ಮೂತಿ ಹಗ್ಗ ಕೊಡಲ್ಲ ನಮ್ಮಲ್ಲಿ. ಕೊಟ್ರೆ ಮನೆ ಭಾಗ್ಯನೂ ಹಿಂದೇನೇ ಹೋಗ್ತದೆ. ಗಾಡಿ ನಿಮ್ಮದು ಅಬಾ, ಕೀಲಿ ಮಾತ್ರ ಕೊಡಲ್ಲ."

ಕೀಲಿ ಇಲ್ಲದ ಗಾಡಿಯನ್ನು ಯಾವ ಹುಚ್ಚ ಕೊಳ್ಳುತ್ತಾನೆ? ಅನಾರಾ ಕಂಬಳಿಯನ್ನು ಎದೆಗೆ ಅವಚಿಕೊಂಡು ನಿಂತುಬಿಟ್ಟಳು.

ಅಬಾ ನಿಧಾನವಾಗಿ ತಲೆಯಾಡಿಸಿದರು. "ಸರಿಯಾಗೇ ಹೇಳಿದೆ. ಹಗ್ಗ ಕೇಳೋನು ಮನುಷ್ಯನೇ ಅಲ್ಲ. ನಮ್ಮಪ್ಪ ಹಗ್ಗದ ಜೊತೆಗೆ ಕುದುರೆ ಕತ್ತಿನ ನಾಲ್ಕು ಕೂದಲೂ ಕಿತ್ತಿಟ್ಕೋತಿದ್ದ. ಇದಕ್ಕೆ ಕೂದಲಿಲ್ಲ, ಏನು ಮಾಡ್ತೀಯ." ಮೇಕೆ ಗೊರಸು ಕತ್ತರಿಸುವ ಚಾಕು ತೆಗೆದು, ಜೋತುಬಿದ್ದ ತಂತಿಗಳಲ್ಲಿ ಎರಡನ್ನು ಹೆರೆದು, ತಿರುಚಿ ಕೂಡಿಸಿದರು. ಕಿಕ್ಕು ಹೊಡೆದರು. ಮೂರನೆಯ ಹೊಡೆತಕ್ಕೆ ಗಾಡಿ ಕೆಮ್ಮಿ ಎದ್ದಿತು.

ಎಣಿಸಿಟ್ಟಿದ್ದ ನೋಟುಗಳನ್ನು ಅವರು ಅನಾರಾಳ ಕೈಗೇ ಕೊಟ್ಟರು. ಗೇಟು ದಾಟುತ್ತಲೇ ಗಾಡಿ ಎಡಕ್ಕೆ ಎಳೆದು ಚರಂಡಿಯ ಅಂಚಿಗೆ ಹೋಯಿತು. ಅಬಾ ಮೊಂಡು ಕುದುರೆಯನ್ನು ಜಗ್ಗಿದಂತೆ ಜಗ್ಗಿ ದಾರಿಗೆ ತಂದುಕೊಂಡರು.

"ನಾನು ಹೇಳ್ಲಿಲ್ವಾ," ಅಂದ ಮೇದೆರ್. ಕೇಳುವುದಕ್ಕೆ ಅಲ್ಲಿ ಯಾರೂ ಇರಲಿಲ್ಲ. ಅನಾರಾ ಒಳಗೆ ಚೀಲ ಹುಡುಕುತ್ತಿದ್ದಳು.

ಹೊರಟದ್ದು ಅವಳೇ, ಗುರುವಾರ ಬೆಳಿಗ್ಗೆ ಆರು ಗಂಟೆಯ ವ್ಯಾನಿಗೆ. ಮೇದೆರ್ ಚೀಲ ಮೇಲಿಟ್ಟ, ಬಾಗಿಲು ಎರಡು ಸಲ ತೆಗೆದು ಹಾಕಿದ. ಡ್ರೈವರು ಹಾರ್ನ್ ಹೊಡೆದ. ಕಿಟಕಿಯೊಳಕ್ಕೆ ಕೈ ಹಾಕಿ ಅವನು ಅವಳ ಹೆಗಲು ಮುಟ್ಟಿದಾಗ, ಧೂಳು ಕೊಡವುತ್ತಿದ್ದಾನೆ ಅಂದುಕೊಂಡಳು ಅನಾರಾ. ಅವನು ಅವಳ ಶಾಲಿನಿಂದ ನಾಲ್ಕು ಎಳೆ ಉಣ್ಣೆ ಕಿತ್ತು, ಕೀಲಿ ಇದ್ದ ಜೇಬಿನಲ್ಲಿ ಇಟ್ಟುಕೊಂಡ.