ತವರಿಗೊಂದು ಸ್ಪೀಕರ್

ಪ್ರತಿಮಾ ಮತ್ತೆ ನಗುತ್ತಿದ್ದಳು. ಕಿವಿಯಲ್ಲಿ ಇಯರ್‌ಫೋನು, ಮುಚ್ಚಿದ ಕಣ್ಣು, ಬೆನ್ನು ಅಡುಗೆಮನೆಯ ಗೋಡೆಗೆ. ಗಂಡ ಬಾಗಿಲಲ್ಲಿ ಕಂಡದ್ದೇ ತಡ, ಐಪಾಡ್ ಸೆರಗಿನ ಮರೆಗೆ ಸೇರಿತು.

"ಏನ ಕೇಳಾಕತ್ತಿದ್ದಿ?"

"ಏನಿಲ್ರಿ. ಹಂಗ ಸುಮ್ನ."

ಈ 'ಸುಮ್ನ'ವೇ ಸೋಮಲಿಂಗಪ್ಪನ ಹೊಟ್ಟೆಗೆ ಕಿಚ್ಚಿಟ್ಟದ್ದು. ಮೊದಲೇ ಅವನು ಹೆಂಡತಿಯ ಕೈಮೇಲೆ ನೊಣ ಕೂತರೂ ಗಂಡೋ ಹೆಣ್ಣೋ ಎಂದು ವಿಚಾರಿಸುವ ಪೈಕಿ. ಘಾಟಿನ ಕೆಳಗಿನ ಡಿಚೋಲಿ ಬಜಾರದಲ್ಲಿ ತಂದೆ ಬಿಟ್ಟುಹೋದ ಬಟ್ಟೆ ಅಂಗಡಿ, ಅದರ ಮೇಲೆಯೇ ಮನೆ, ಬಸುರಿ ಹೆಂಡತಿ. ಯಾವುದಕ್ಕೂ ಕೊರತೆ ಇರಲಿಲ್ಲ. ಅಷ್ಟರಲ್ಲಿ ಹಡಗಿನ ಕೆಲಸದಲ್ಲಿದ್ದ ಅವಳ ಅಣ್ಣ ಈ ಐಪಾಡ್ ತಂದುಕೊಟ್ಟ. ಹಾಡು ಕೇಳಬಹುದು, ಬೇಕಾದವರ ದನಿ ತುಂಬಿಕೊಳ್ಳಲೂಬಹುದು ಎಂದು ತಂಗಿಗೆ ಕಲಿಸಿಯೂ ಹೋದ. ಅಂದಿನಿಂದ ಗಂಡ ಹೆಂಡಿರ ನಡುವೆ ಮೂರನೆಯವನೊಬ್ಬ ಬಂದು ಕೂತ ಹಾಗಾಯಿತು.

ಒಮ್ಮೆ ಅವಳ ಬೆನ್ನ ಹಿಂದೆ ನಿಂತು ಕಿವಿಗೊಟ್ಟ. ಏನೆಂದು ತಿಳಿಯಲಿಲ್ಲ. ಆದರೆ ದನಿ ಗಂಡಸಿನದು, ಅದರಲ್ಲಿ ಸಂಶಯವಿಲ್ಲ.

ಯಾರದೆಂದು ಊಹಿಸಲು ಕಷ್ಟವಾಗಲಿಲ್ಲ. ಪ್ರತಿಮಾ ಧಾರವಾಡದವಳು, ಮದುವೆಗೆ ಮುಂಚೆ ಸಂಗೀತ ಕಲಿತವಳು. ಕಲಿಸಿದವನು ಯಮನೂರ ಮಾಸ್ತರ. ಉದ್ದ ಕೂದಲು, ಬಿಳಿ ಜುಬ್ಬ, ಇವರ ಮದುವೆಯಲ್ಲಿ ಹಾಡಿ ಹೆಂಗಸರನ್ನೆಲ್ಲ ಅಳಿಸಿದ್ದ ಆಸಾಮಿ. ಬಸುರಿಗೆ ಉಡಿ ತುಂಬುವ ಕುಬಸ ಮುಗಿದೊಡನೆ ಅವಳು ಚೊಚ್ಚಲ ಹೆರಿಗೆಗೆ ಹೊರಡುವುದೂ ಅದೇ ಧಾರವಾಡಕ್ಕೆ. ಬಾಣಂತನ ಮುಗಿಯುವ ತನಕ ಅಲ್ಲಿಯೇ. ಹೋದವಳು ಆ ದನಿಗೆ ಮರುಳಾಗಿ ಅಲ್ಲೇ ನಿಂತುಬಿಟ್ಟರೆ ತನ್ನ ಗತಿ ಏನು?

ಮಧ್ಯಾಹ್ನ ಡಿಚೋಲಿ ಪೇಟೆಯೆಲ್ಲ ಕದ ಹಾಕಿ ಮಲಗುತ್ತದೆ. ಸೋಮಲಿಂಗಪ್ಪನೂ ಉಂಡು ಒಂದು ಗಳಿಗೆ ಅಡ್ಡಾದ. ಎದ್ದು ನೋಡಿದರೆ ಪಕ್ಕದಲ್ಲಿ ಹೆಂಡತಿ ಇಲ್ಲ. ಕಿಟಕಿಯಿಂದ ಬಗ್ಗಿದ. ಎದುರಿಗೆ ತೆರೆದಿದ್ದ ಒಂದೇ ಅಂಗಡಿ ಮುರ್ತುಜಾಸಾಬನದು, ಟಿವಿ ರೇಡಿಯೊ ಮಾರುವುದು. ಪ್ರತಿಮಾ ಅಲ್ಲಿ ನಿಂತಿದ್ದಳು.

ಅವನು ದಡದಡ ಇಳಿದ. ಮೆಟ್ಟಿಲಲ್ಲಿ ನೆರೆಮನೆಯ ಭಾಗವ್ವ ಎದುರಾದಳು. "ಸಾವಕಾರ್ರ, ನೀವು ಮನ್ಯಾಗಿದ್ರ ನಮ್ಮ ಓಣಿಗೆ ಕಳ್ಳರ ಅಂಜಿಕಿಲ್ಲ ನೋಡ್ರಿ" ಎಂದು ನಕ್ಕಳು. ತನ್ನ ಮೈಕಟ್ಟಿಗೆ ಸಂದ ಮರ್ಯಾದೆ ಎಂದು ಅವನು ಆ ಗಡಿಬಿಡಿಯಲ್ಲೂ ಮೀಸೆ ನೀವಿಕೊಂಡ.

ಅಂಗಡಿಯ ಹೊರಗೆ ಪೇರಿಸಿದ್ದ ಟಿವಿ ರಟ್ಟಿನ ಡಬ್ಬಿಗಳ ಮರೆಯಲ್ಲಿ ನಿಂತ. ಒಳಗೆ ಮುರ್ತುಜಾಸಾಬ ಸ್ಪೀಕರ್ ಡಾಕ್‌ಗಳನ್ನು ಸಾಲಾಗಿ ಇಟ್ಟಿದ್ದ. ಐಪಾಡನ್ನು ಮೇಲೆ ಕೂರಿಸಿದರೆ ಅದರ ಹಾಡು ಮನೆಗೆಲ್ಲ ಕೇಳಿಸುವ ಪೆಟ್ಟಿಗೆಗಳು ಅವು. ಅಂಗಡಿಯವನ ಹಾಡನ್ನೇ ಒಂದೊಂದರಲ್ಲಿ ಹಾಕಿಸಿ ಪ್ರತಿಮಾ ಕೇಳುತ್ತಿದ್ದಳು. ತನ್ನ ಐಪಾಡನ್ನು ಮುಷ್ಟಿಯಿಂದ ಬಿಟ್ಟಿರಲಿಲ್ಲ.

"ಇದ್ರಾಗ ದನಿ ಭಾಳ ಸಣ್ಣ ಆಗ್ತದ್ರಿ. ಅವರ್ದು ಎದಿಯಿಂದ ಬರೂ ದನಿ. ತಗಡಿನ ಡಬ್ಬಿಯಾಗ ಕೂಗಿದಂಗ ಕೇಳಬಾರದು."

"ಹಂಗಾರ ಈ ದೊಡ್ಡದು ತಗೋರಿ ಅಕ್ಕಾರ. ಬೇಸ್ ಚಲೋ ಐತಿ. ನೀವು ಕೇಳೂದು ಭಜನಿನೋ, ಸಿನಿಮಾ ಹಾಡೋ?"

"ಎರಡೂ ಅಲ್ರಿ. ಬರೇ ಆಲಾಪ."

"ಯಾರ್ದ್ರಿ?"

ಅವಳ ಮುಖ ಕೆಂಪಾಯಿತು. "ಹೆಸರ ಬ್ಯಾಡ ಬಿಡ್ರಿ" ಎಂದು ದೊಡ್ಡದನ್ನೇ ಕಟ್ಟಿಸಿದಳು.

ಸೋಮಲಿಂಗಪ್ಪನ ಎದೆ ಧಗಧಗ ಉರಿಯಿತು. ಆಲಾಪವಂತೆ, ಆಲಾಪ! ತಾನು ಜನ್ಮದಲ್ಲಿ ಒಮ್ಮೆಯಾದರೂ ಹಾಡಿದ್ದುಂಟೇ? ಹಾಡಿದರೆ ಇದ್ದ ಗಿರಾಕಿಗಳೂ ಎದ್ದು ಹೋದಾರು. ದೇವರು ಆ ಮಾಸ್ತರನಿಗೆ ಕೊಟ್ಟ ಗಂಟಲನ್ನು ತನಗೆ ಯಾಕೆ ಕೊಡಲಿಲ್ಲ ಎಂದು ಅವನಿಗೆ ಅಳುವೇ ಬಂತು. ಧಾರವಾಡಕ್ಕೇ ಹೋಗುವವಳಿಗೆ ಧಾರವಾಡದ ದನಿಯನ್ನು ಇಲ್ಲಿಂದ ಹೊತ್ತೊಯ್ಯುವ ಗರಜೇನು ಎಂಬುದು ಮಾತ್ರ ಹೊಳೆಯಲಿಲ್ಲ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ.

ಕುಬಸಕ್ಕೆ ಬೀಗರು ಹಿಂದಿನ ದಿನವೇ ಬುತ್ತಿ ಹೊತ್ತು ಬಂದು ತಂಗಿದರು. ಬೆಳಿಗ್ಗೆ ಒಬ್ಬೊಬ್ಬರ ಕಣ್ಣೂ ಕೆಂಪು. ಪಾಪ, ಘಾಟಿನ ಪ್ರಯಾಣದ ದಣಿವು ಎಂದುಕೊಂಡ ಸೋಮಲಿಂಗಪ್ಪ. ಹಸಿರು ಸೀರೆ, ಹಸಿರು ಬಳೆ, ಉಡಿ ತುಂಬುವುದು, ಓಣಿಯ ಹೆಂಗಸರ ಹಾಡು, ಎಲ್ಲ ಸಾಂಗವಾಗಿ ನಡೆಯಿತು. ಊಟವಾಗಿ ಜೀಪು ಬಾಗಿಲಿಗೆ ಬಂತು. ಹೊರಟು ನಿಂತ ಸಾಮಾನುಗಳ ಮೇಲೆ ಆ ಕರಿ ಸ್ಪೀಕರ್ ಪೆಟ್ಟಿಗೆ ಕಂಡಿತು. ಅವನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಇದನ್ನ ಒಯ್ಯಾಕಿ ಆದ್ರ ನೀನೂ ಅಲ್ಲೇ ಇರು. ಕರ್ಕೊಂಡು ಬರಾಕ ನಾ ಬರೂದಿಲ್ಲ."

ಹೆಂಗಸರ ಬೀಳ್ಕೊಡುವ ಹಾಡು ಅರ್ಧಕ್ಕೇ ನಿಂತಿತು. ಪ್ರತಿಮಾಳ ತಾಯಿ ಆರತಿ ತಟ್ಟೆಯನ್ನು ಕೆಳಗಿಟ್ಟಳು.

"ಹಿಂಗ್ಯಾಕ ಅಂತೀರಿ?" ಪ್ರತಿಮಾಳ ಕಣ್ಣು ತುಂಬಿತು. "ಇದಿಲ್ಲಂದ್ರ ಅಲ್ಲಿ ನನಗ ನಿದ್ದಿ ಹತ್ತೂದಿಲ್ರಿ. ಕೂಸಿಗೂ ಈ ದನಿ ರೂಢಿ ಆಗಲಿ ಅಂತ..."

"ಕೂಸಿಗೂ!" ಅವನು ಕಿರುಚಿದ. "ಹಚ್ಚು ಹಂಗಾರ. ತಮ್ಮ ಮಗಳು ಯಾರ ದನಿ ಅವಚಿಕೊಂಡು ಮಲಗ್ತಾಳಂತ ಬೀಗರೂ ಕೇಳಲಿ."

"ಬ್ಯಾಡ್ರಿ. ಮಂದಿ ಮುಂದ ಬ್ಯಾಡ. ನಿಮ್ಮ ಮರ್ಯಾದಿ ಹೋಗ್ತದ."

"ಹೋಗೂದು ಇನ್ನೇನ ಉಳದೇತಿ?"

ಅವಳ ಕೈಯಿಂದ ಐಪಾಡ್ ಕಸಿದುಕೊಂಡ. ಪ್ಲಗ್ಗು ಚುಚ್ಚಿ, ಐಪಾಡನ್ನು ಪೆಟ್ಟಿಗೆಯ ಮೇಲೆ ಕೂರಿಸಿ, ದನಿಯನ್ನು ಪೂರ್ತಿ ಏರಿಸಿ ಗುಂಡಿ ಒತ್ತಿದ.

ಪೆಟ್ಟಿಗೆಯಿಂದ ಗೋಡೆ ಅದುರುವಂಥ ಗೊರಕೆ ಹೊರಟಿತು. ಅದು ಯಾರದೆಂದು ಆ ಮನೆಯಲ್ಲಿ ಗೊತ್ತಿಲ್ಲದವನು ಸೋಮಲಿಂಗಪ್ಪ ಒಬ್ಬನೇ.